ಏಳನೆಯ ದಿನದ ಕಾಗದ

ವರ್ಸಿನಿಯ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಬೇಯುವ ಮರಗೆಣಸಿನ ವಾಸನೆಯಿಂದ. ಬೆಂದ ಗೆಣಸನ್ನು ಕುಟ್ಟಿ, ಎಳೆ ತೆಗೆದು, ಬಳೆಯಂತೆ ಸುತ್ತಿ, ಬಿದಿರಿನ ತಟ್ಟೆಗಳಲ್ಲಿ ಒಣಗಿಸಿ, ಕರಿದು ಸಂತೆಗೆ ಒಯ್ಯುವುದು ಅವಳ ಕಸುಬು. ಅತ್ತೆ ಸಲಿಯೆಮ್ ಕುಟ್ಟುವಳು, ಸೊಸೆ ಸುತ್ತುವಳು. ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು ಎಂದು ಇಬ್ಬರೂ ದಿನವಿಡೀ ಜಗಳವಾಡುವರು. ಆ ಜಗಳವಿಲ್ಲದಿದ್ದರೆ ಇಬ್ಬರಿಗೂ ಕೈ ಓಡುತ್ತಿರಲಿಲ್ಲ. ಗಂಡ ತುಕಿಜಾನ್ ಮೆರಾಪಿ ಬೆಟ್ಟದ ಬುಡದ ಹೊಳೆಯಲ್ಲಿ ಹಾಜಿ ಸೊಬಾರಿಯ ಲಾರಿಗಳಿಗೆ ಮರಳು ತುಂಬುತ್ತಿದ್ದ. ಆ ಊರಿನ ಅರ್ಧ ಗಂಡಸರ ಅನ್ನ ಹಾಜಿಯ ಮರಳಿನಿಂದಲೇ ಬರುತ್ತಿತ್ತು.

ಒಂದು ಬೆಳಗ್ಗೆ ಅಂಥದೇ ಒಂದು ಮರಳಿನ ಲಾರಿ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಬಂದು ಸಂತೆಗೆ ಹೊರಟಿದ್ದ ವರ್ಸಿನಿಯ ಬೈಕಿಗೆ ಗುದ್ದಿತು. ಎಡಗಾಲು ಮೊಣಕಾಲಿನ ಕೆಳಗೆ ಜಜ್ಜಿಹೋಯಿತು. ಆಸ್ಪತ್ರೆಯವರು ಮೂಳೆಗೆ ಹೊರಗಿನಿಂದ ಸರಳು ಕೂರಿಸಿ, ಗಾಯ ಮಾಗಿದ ಮೇಲೆ ಇನ್ನೊಂದು ಆಪರೇಷನ್ ಆಗಲೇಬೇಕು, ಇಲ್ಲವಾದರೆ ಕಾಲು ಸೊಟ್ಟಗೇ ಕೂಡಿಕೊಳ್ಳುತ್ತದೆ ಎಂದು ಹೇಳಿ ಐದನೆಯ ದಿನ ಮನೆಗೆ ಕಳಿಸಿದರು.

ಆ ಬೆಟ್ಟದ ದಾರಿಯ ಊರುಗಳಲ್ಲಿ ಒಂದು ಪದ್ಧತಿ ಇದೆ. ಲಾರಿ ಯಾರಿಗಾದರೂ ಬಡಿದರೆ ಏಳು ದಿನದೊಳಗೆ ಲಾರಿಯ ಕಡೆಯವರು ಸಕ್ಕರೆ, ಚಹಾಪುಡಿ, ಅಕ್ಕಿ, ಒಂದು ಗೊನೆ ಬಾಳೆಹಣ್ಣು ಹೊತ್ತು ಮನೆಗೆ ಬರುತ್ತಾರೆ. ಊರ ಮುಖ್ಯಸ್ಥರು ಶಾಂತಿಯ ಕಾಗದ ಓದುತ್ತಾರೆ. ಆದದ್ದು ದೇವರ ಇಚ್ಛೆ, ಯಾರ ತಪ್ಪೂ ಅಲ್ಲ, ಮುಂದೆ ಯಾವ ಕಾಲಕ್ಕೂ ಏನನ್ನೂ ಕೇಳುವುದಿಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಗಾಯಗೊಂಡವರು ಸಹಿ ಹಾಕುತ್ತಾರೆ, ಎಲ್ಲರೂ ಚಹಾ ಕುಡಿಯುತ್ತಾರೆ, ಒಬ್ಬರ ಕೈ ಒಬ್ಬರು ಹಿಡಿದು ಅಳುತ್ತಾರೆ. ನೋಡುವುದಕ್ಕೆ ಬಹಳ ಚೆಂದ. ಸಹಿ ಹಾಕಿದವರು ಆಮೇಲೆ ಹೇಗೆ ಬದುಕಿದರು ಎಂದು ನೋಡುವುದಕ್ಕೆ ಮಾತ್ರ ಯಾರೂ ಹೋಗುವುದಿಲ್ಲ. ಏಳು ದಿನ ದಾಟಿಸಿದವರನ್ನು ರಕ್ತ ಮಾರಿಕೊಳ್ಳುವವರು ಎಂದು ಊರು ಆಡಿಕೊಳ್ಳುತ್ತದೆ.

ಆರನೆಯ ದಿನ ಮಧ್ಯಾಹ್ನ ಕೆಳಗಿನ ಓಣಿಯ ಪ್ರಾಪ್ತಿ ಬಂದಳು. ಅವಳು ಆಸ್ಪತ್ರೆಯಲ್ಲಿ ರೋಗಿಗಳ ಕಾಗದಪತ್ರ ನೋಡಿಕೊಳ್ಳುವವಳು. ಮುರಿದ ಕೈಕಾಲುಗಳ ಕಥೆ ಅವಳಷ್ಟು ಯಾರಿಗೂ ಗೊತ್ತಿರಲಿಲ್ಲ. ಕಂಕುಳಲ್ಲಿ ಒಂದು ಫೈಲು ಇತ್ತು.

"ನಾಳೆ ಬರ್ತಾರಂತಲ್ಲ," ಎಂದಳು ಚಾಪೆಯ ಮೇಲೆ ಕೂರುತ್ತ. "ಬರ್ಲಿ. ಸಕ್ಕರೆ ಇಸ್ಕೊಳ್ಳಿ, ಚಹಾ ಕುಡೀರಿ. ಸಹಿ ಒಂದು ಹಾಕ್ಬೇಡ ಕಣೇ ವರ್ಸಿನಿ."

"ಬಂದ್ಳಪ್ಪ ಕಾಯ್ದೆ ಪುಸ್ತಕ," ಎಂದಳು ಸಲಿಯೆಮ್ ಒಲೆಯ ಮುಂದಿನಿಂದ. "ನಮ್ಮೂರಲ್ಲಿ ಹಂಗೆಲ್ಲ ಇಲ್ಲ ತಾಯಿ. ಮನೆ ಬಾಗಿಲಿಗೆ ಬಂದು ತಪ್ಪಾಯ್ತು ಅಂದೋರ್ನ ವಾಪಸ್ ಕಳ್ಸೋದುಂಟಾ?"

"ವಾಪಸ್ ಕಳ್ಸಿ ಅಂದ್ನಾ ನಾನು? ಈ ಕಾಲು ಏನಾಗುತ್ತೆ ಅಂತ ಡಾಕ್ಟ್ರಿಗೇ ಇನ್ನೂ ಗೊತ್ತಿಲ್ಲ. ಗೊತ್ತಾಗೋಕೆ ಮೊದ್ಲೇ ಇನ್ನೇನೂ ಬೇಡ ಅಂತ ಹೆಂಗೆ ಬರ್ಕೊಡ್ತೀರಿ?"

ತುಕಿಜಾನ್ ಬಾಗಿಲಲ್ಲಿ ಕುಳಿತು ಬೆರಳಿನ ಉಗುರು ನೋಡಿಕೊಳ್ಳುತ್ತಿದ್ದ. "ಸಹಿ ಹಾಕ್ದಿದ್ರೆ ಹೊಳೆ ಕಡೆ ತಲೆ ಹಾಕ್ಬೇಡ ಅಂತಾರೆ," ಎಂದ ಮೆಲ್ಲಗೆ. "ಆಮೇಲೆ ಒಲೆ ಉರಿಯೋದು ಹೆಂಗೆ?"

ಪ್ರಾಪ್ತಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವಳು ಹೇಳಿದ್ದನ್ನೇ ನಿಧಾನವಾಗಿ, ಮಗುವಿಗೆ ತುತ್ತು ಕೊಡುವಂತೆ ಬಿಡಿಸಿ ಹೇಳಿದಳು. ಪೊಲೀಸರು ಬರೆದುಕೊಂಡ ವರದಿಯ ನಕಲು ಇಟ್ಟುಕೊಳ್ಳಬೇಕು. ಸರ್ಕಾರದ ಅಪಘಾತ ನಿಧಿಯವರು ಚಿಕಿತ್ಸೆಗೆ ನೆರವಾಗಬೇಕಾದರೆ ಮೊದಲು ಕೇಳುವುದು ಅದನ್ನೇ. ಆಸ್ಪತ್ರೆಯ ಒಂದು ಚೀಟಿಯನ್ನೂ ಬಿಸಾಡಬಾರದು. ಬೈಕನ್ನು ಈಗಲೇ ರಿಪೇರಿಗೆ ಕೊಡಬಾರದು. ಕಾಲಿನ ಫೋಟೊ ವಾರಕ್ಕೊಮ್ಮೆ ತೆಗೆಯಬೇಕು, ಕೆಲಸಕ್ಕೆ ಕೂರಲಾಗದ ದಿನಗಳನ್ನು ಗುರುತು ಹಾಕಬೇಕು. ಲಾರಿ ಬಂದದ್ದನ್ನು ತಿರುವಿನ ತರಕಾರಿಯವಳು ನೋಡಿದ್ದಾಳೆ, ಅವಳನ್ನು ಮಾತಾಡಿಸಿಡಬೇಕು. ಪೇಟೆಯ ಕೋರ್ಟಿನಲ್ಲಿ ಬಡವರಿಗೆ ಪುಕ್ಕಟೆ ಸಲಹೆ ಹೇಳುವ ವಕೀಲರು ಕೂರುತ್ತಾರೆ; ಯಾವ ಕಾಗದ ಬಂದರೂ ಅವರ ಕಣ್ಣಿಗೆ ಬೀಳದೆ ಸಹಿ ಬೀಳಬಾರದು.

"ಗೀತೊ ಜೈಲಿಗೆ ಹೋಗ್ತಾನಲ್ಲ," ಎಂದಳು ಸಲಿಯೆಮ್. ಗೀತೊ ಆ ಲಾರಿಯ ಡ್ರೈವರು, ಮೇಲಿನ ಓಣಿಯವನೇ. "ಅವ್ನ ಹೆಂಡ್ತಿಗೆ ಈಗ ಏಳು ತಿಂಗ್ಳು."

"ಈ ಕಾಗದದಿಂದ ಪೊಲೀಸ್ ಕೇಸು ತಾನಾಗೇ ಬಿದ್ದೋಗಲ್ಲಮ್ಮ. ಗೀತೊಗೆ ಇದ್ರಿಂದ ಏನೂ ದಕ್ಕಲ್ಲ. ಹಾಜಿ ಕೈ ತೊಳ್ಕೊಳ್ಳೋಕೆ ನೀರು ಹೊಯ್ಕೊಟ್ಟಂಗೆ, ಅಷ್ಟೇ."

ಸಲಿಯೆಮ್ ಸೌಟನ್ನು ಕೆಳಗಿಟ್ಟಳು. "ನಾನು ಪೈಮಿನ್ ಸತ್ತಾಗ ಹೆಬ್ಬೆಟ್ಟು ಒತ್ತಿದೆ," ಎಂದಳು. ಪೈಮಿನ್ ಅವಳ ಹಿರಿಯ ಮಗ. ಹನ್ನೊಂದು ವರ್ಷದ ಹಿಂದೆ ಇದೇ ದಾರಿಯಲ್ಲಿ ಲಾರಿಗೆ ಸಿಕ್ಕಿ ಸತ್ತವನು. ಅವನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋದವಳು ಮತ್ತೆ ಬಂದಿರಲಿಲ್ಲ. "ಎಲ್ರೂ ಹೇಳಿದ್ರು, ಒತ್ತಿದೆ. ದೊಡ್ ಮನಸ್ಸು ನಿಂದು ಅಂತ ಊರೆಲ್ಲ ಹೊಗಳ್ತು. ಈಗ ಇವ್ಳು ಒತ್ತಲ್ಲ ಅಂದ್ರೆ ನಾನು ಮಾಡಿದ್ದು ತಪ್ಪಾ ಹಂಗಾದ್ರೆ? ನನ್ ಮಗನ್ನ ನಾನೇ ಮೂರು ಕೆ.ಜಿ. ಸಕ್ಕರೆಗೆ ಬಿಟ್ಕೊಟ್ನಾ?"

ವರ್ಸಿನಿಗೆ ಅತ್ತೆಯ ಹಟ ಎಲ್ಲಿಂದ ಬಂದದ್ದೆಂದು ಆಗ ತಿಳಿಯಿತು. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದು ಇದನ್ನು ಒಮ್ಮೆಯೂ ಕೇಳಲಿಲ್ಲವಲ್ಲ ಎಂದು ನಾಚಿಕೆಯಾಯಿತು.

"ನಿಮ್ ತಪ್ಪಲ್ಲಮ್ಮ," ಎಂದಳು ಪ್ರಾಪ್ತಿ. "ಅದ್ರಲ್ಲಿ ಏನು ಬರ್ದಿದೆ ಅಂತ ನಿಮಗೆ ಯಾರೂ ಬಿಡ್ಸಿ ಹೇಳ್ಲಿಲ್ಲ."

ಸಲಿಯೆಮ್ ಎದ್ದು ಹಿತ್ತಲಿಗೆ ಹೋಗಿ ಗೆಣಸು ಕುಟ್ಟತೊಡಗಿದಳು. ಸುತ್ತುವವರು ಯಾರೂ ಇಲ್ಲವೆಂಬುದು ಅವಳಿಗೂ ಗೊತ್ತಿತ್ತು. ಆದರೂ ಸಂಜೆಯವರೆಗೆ ಕುಟ್ಟಿದಳು.

ಮರುದಿನ, ಊರವರು ಗೌರವದಿಂದ ಪಾಕ್, ಅಂದರೆ ಅಪ್ಪ, ಎಂದು ಕರೆಯುವ ಮುಖ್ಯಸ್ಥರಾದ ಪಾಕ್ ಮರ್ದಿ ಮುಂದೆ, ಹಿರಿಯರಿಬ್ಬರು ಹಿಂದೆ, ಗೊನೆ ಹೊತ್ತ ಗೀತೊ ಎಲ್ಲರಿಗಿಂತ ಹಿಂದೆ ಬಂದರು. ಹಾಜಿ ಬರಲಿಲ್ಲ. ಇಂಥ ದಿನಗಳಲ್ಲಿ ಹಾಜಿಗೆ ಬೇರೆ ಊರಿನಲ್ಲಿ ಕೆಲಸ ಬೀಳುವುದು ಹೊಸದೇನಲ್ಲ. ಗೀತೊ ವರ್ಸಿನಿಯ ಚಾಪೆಯ ಬಳಿ ಕುಸಿದು ಕುಳಿತು ಅತ್ತ. ಅವನ ಅಳು ನಿಜವಾದದ್ದು. ಆ ಪದ್ಧತಿ ನಿಂತಿರುವುದೇ ಇಂಥ ಬಡವರ ನಿಜವಾದ ಅಳುವಿನ ಮೇಲೆ. ಪಾಕ್ ಮರ್ದಿ ಗಂಟಲು ಸರಿಮಾಡಿಕೊಂಡು ಕಾಗದ ಓದಿ, ಪೆನ್ನಿನ ಮುಚ್ಚಳ ತೆಗೆದು ಮುಂದೆ ಚಾಚಿದರು.

ವರ್ಸಿನಿ ಪೆನ್ನು ಬಿಟ್ಟು ಕಾಗದ ತೆಗೆದುಕೊಂಡಳು. ಇನ್ನೊಂದು ಸಲ ತಾನೇ ಓದಿದಳು.

"ಇದ್ರಲ್ಲಿ ನನ್ ಹೆಸ್ರಿದೆ, ಗೀತೊ ಹೆಸ್ರಿದೆ. ಹಾಜಿಯವ್ರ ಹೆಸ್ರೆಲ್ಲಿ ಪಾಕ್?"

"ಲಾರಿ ಓಡಿಸ್ದೋನು ಗೀತೊ ಅಲ್ವೇನಮ್ಮ."

"ಲಾರಿ ಹಾಜಿಯವ್ರದಲ್ವಾ? ಮುಂದಿನ ಆಪರೇಷನ್ನು ಯಾರು ನೋಡ್ಕೋತಾರೆ ಅಂತ ಎಲ್ಲಿ ಬರ್ದಿದೆ?"

"ಅದೆಲ್ಲ ಬಾಯಿಮಾತು. ಒಂದೇ ಊರೋರು, ನಂಬಿಕೆ ಮೇಲೆ ನಡಿಯುತ್ತೆ."

"ಹಂಗಾದ್ರೆ ನನ್ನ ಮಾತೂ ಬಾಯಲ್ಲೇ ಇರ್ಲಿ ಪಾಕ್. ನನಗೆ ಯಾರ ಮೇಲೂ ದ್ವೇಷ ಇಲ್ಲ. ಸಹಿ ಮಾತ್ರ ಹಾಕಲ್ಲ."

ಹಿರಿಯರಲ್ಲೊಬ್ಬರು ಮುಖ ಸಿಂಡರಿಸಿದರು. "ರಕ್ತ ಮಾರ್ಕೊಂಡ್ಳು ಅಂತಾರೆ ಊರಲ್ಲಿ."

"ಅನ್ಲಿ ಬಿಡಿ. ಇಷ್ಟು ವರ್ಷ ಎಲ್ರೂ ಪುಕ್ಕಟೆ ಕೊಟ್ರಲ್ಲ."

ಗೀತೊ ಕಣ್ಣೊರೆಸಿಕೊಂಡು ತಲೆಯೆತ್ತಿದ. "ಬ್ರೇಕು ನಿಲ್ತಿಲ್ಲ ಅಂತ ಧಣಿಗೆ ಮೂರು ಸಲ ಹೇಳಿದ್ದೆ ಅಕ್ಕ. ಇನ್ನೊಂದು ಟ್ರಿಪ್ ಹೊಡಿ, ಆಮೇಲೆ ನೋಡಾಣ ಅಂದ್ರು."

"ಸುಮ್ನಿರೋ," ಎಂದರು ಪಾಕ್ ಮರ್ದಿ.

"ಅದನ್ನ ನನ್ ಹತ್ರ ಅಲ್ಲಪ್ಪ, ಠಾಣೇಲಿ ಹೇಳು," ಎಂದಳು ವರ್ಸಿನಿ. "ನೀನು ಉಳ್ಕೊಳ್ಳೋದಾದ್ರೆ ಅದ್ರಿಂದ ಉಳ್ಕೋತೀಯ."

ಪಾಕ್ ಮರ್ದಿ ಸಲಿಯೆಮ್ ಕಡೆ ತಿರುಗಿದರು. "ನೀವಾದ್ರೂ ಸೊಸೆಗೆ ಬುದ್ಧಿ ಹೇಳಿ ಅಮ್ಮ."

ಸಲಿಯೆಮ್ ಅವರ ಲೋಟಕ್ಕೆ ಚಹಾ ಬಗ್ಗಿಸಿದಳು. ಮುಖ್ಯಸ್ಥರು ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಸೇರಿಸಿದರು.

ಮಾರನೆಯ ಬೆಳಗ್ಗೆ ತುಕಿಜಾನ್‌ನನ್ನು ಹೊಳೆಯಿಂದ ವಾಪಸು ಕಳಿಸಿದರು. ಅವನು ಸಲಿಕೆಯನ್ನು ಗೋಡೆಗೆ ಒರಗಿಸಿ, ಕೈಕಾಲು ತೊಳೆದು, ತಾಯಿ ಕುಟ್ಟಿಟ್ಟಿದ್ದ ಗೆಣಸಿನ ಮುಂದೆ ಕುಳಿತ. ಸುತ್ತುವುದು ಹೇಗೆಂದು ಹೆಂಡತಿಯನ್ನು ಕೇಳಿದ. ಅವನು ಸುತ್ತಿದ ಬಳೆಗಳು ಒಂದೂ ದುಂಡಗಿರಲಿಲ್ಲ, ಆದರೂ ವರ್ಸಿನಿ ನಗದೆ ತೋರಿಸಿಕೊಟ್ಟಳು.

ಹತ್ತನೆಯ ದಿನ ಪ್ರಾಪ್ತಿಯನ್ನು ಜೊತೆಗೆ ಕರೆದುಕೊಂಡು ಹೇಳಿಕೆ ಕೊಡಲು ಠಾಣೆಗೆ ಹೊರಟರು. ತರಕಾರಿಯ ಪಿಕಪ್ ಗಾಡಿಯಲ್ಲಿ ಹಾಸಿಗೆ ಹಾಕಿ ವರ್ಸಿನಿಯನ್ನು ಮಲಗಿಸಿದ್ದರು. ಗಾಡಿ ಹೊರಡುವಾಗ ಸಲಿಯೆಮ್ ಹಬ್ಬಕ್ಕೆ ಉಡುವ ಬಟ್ಟೆ ಉಟ್ಟು ಬಂದು, ಯಾರನ್ನೂ ಕೇಳದೆ ಹತ್ತಿ ಕುಳಿತಳು.

ಠಾಣೆಯ ಅಧಿಕಾರಿ ಚಿಕ್ಕ ವಯಸ್ಸಿನವನು. ಪ್ರಾಪ್ತಿ ಒಂದೊಂದೇ ಕಾಗದ ಮುಂದಿಟ್ಟಳು. ಗೀತೊ ಹಿಂದಿನ ದಿನವೇ ಬಂದು ಬ್ರೇಕಿನ ಸಂಗತಿ ಬರೆಸಿ ಹೋಗಿದ್ದನೆಂದು ಅಧಿಕಾರಿಯೇ ಹೇಳಿದ. ವರ್ಸಿನಿ ಹೇಳುತ್ತ ಹೋದಳು, ಅವನು ಬರೆಯುತ್ತ ಹೋದ. ಇಷ್ಟು ಹೊತ್ತು ಗೋಡೆಯ ಪಕ್ಕ ನಿಂತಿದ್ದ ಸಲಿಯೆಮ್ ಮೇಜಿನ ಬಳಿಗೆ ಬಂದಳು.

"ಹನ್ನೊಂದು ವರ್ಷದ ಹಿಂದಿಂದು ಬರ್ಕೋತೀರೇನಪ್ಪ?"

"ಯಾರ್ದಮ್ಮ?"

"ನನ್ ಮಗಂದು. ಪೈಮಿನ್ ಅಂತ. ನಾನು ಹೆಬ್ಬೆಟ್ಟು ಒತ್ಬಿಟ್ಟಿದೀನಿ."

ಅಧಿಕಾರಿ ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದ. "ತುಂಬ ಹಳೇದಾಯ್ತಮ್ಮ," ಎಂದ. "ಈಗ ಏನೂ ಮಾಡೋಕಾಗಲ್ಲ."

ಸಲಿಯೆಮ್ ಒಂದು ಕುರ್ಚಿ ಎಳೆದುಕೊಂಡು ಸೊಸೆಯ ಪಕ್ಕದಲ್ಲಿ ಕುಳಿತು, ಮೇಜಿನ ಮೇಲಿದ್ದ ಪೆನ್ನನ್ನು ಅವನ ಕಡೆಗೆ ಸರಿಸಿದಳು.

"ಹಂಗಾದ್ರೆ ಇವ್ಳದನ್ನ ಒಂದಕ್ಷರ ಬಿಡ್ದಂಗೆ ಬರ್ಕೊಳ್ಳಪ್ಪ," ಎಂದಳು. "ನಾನು ಇಲ್ಲೇ ಕೂತಿರ್ತೀನಿ."