ಕಿಟಕಿ ಎಷ್ಟು ಗಂಟೆವರೆಗೆ

ಫ್ಯಾನು ಕಿರುಗುಟ್ಟುತ್ತಿದೆ, ಎಣ್ಣೆ ಹಾಕಿ ಅಂದರೆ ಇಲ್ಲಿ ಯಾರಿಗೂ ಕಿವಿಯೇ ಇಲ್ಲ, ಎಚ್‌ಐವಿ ರಕ್ತಪರೀಕ್ಷೆ ಕೇಂದ್ರದ ಗೂಡಿನಂಥ ಕೋಣೆಯಲ್ಲಿ ಆಪ್ತಸಮಾಲೋಚಕಿ ಅದನ್ನೇ ನೋಡುತ್ತ ಕೂತಿದ್ದಾಳೆ, ಬೆಳಗಿನ ಟೀ ಆರಿದೆ, ಲ್ಯಾಬಿನವನು ಬಾಗಿಲಲ್ಲೇ ನಿಂತು ನಗುತ್ತಾನೆ, ಅಕ್ಕಾ, ನಿನ್ನೆ ನಿಮ್ಮ ಹತ್ರ ಬಂದಿದ್ದನಲ್ಲ ಆ ಲಿಫ್ಟ್ ರಿಪೇರಿಯವನು, ಔಷಧಿ ಕೌಂಟರಿಗೆ ಓಡಿ ಹೋಗಿ ಕಿಟಕಿ ಎಷ್ಟು ಗಂಟೆವರೆಗೆ ಅಂತ ಕೇಳಿದನಂತೆ, ಐದಕ್ಕೆ ಮುಚ್ತೀವಿ ಅಂದ್ರಂತೆ, ಸರಿ ಅಂತ ಮನೆಗೆ ಹೋದನಂತೆ — ಅವಳಿಗೂ ನಗು ಬಂತು, ಅಷ್ಟರಲ್ಲೇ ಹೊಳೆಯಿತು, ಅಯ್ಯೋ ದೇವರೇ, ಸೋಂಕು ತಗಲಿದ್ದರೂ ಪರೀಕ್ಷೆಯಲ್ಲಿ ಕಾಣಿಸದ ದಿನಗಳಿಗೆ ಪೋಸ್ಟರಿನಲ್ಲಿ ಗವಾಕ್ಷಿ ಅವಧಿ ಅಂತಿದೆ, ಯಾರ ನಾಲಿಗೆಗೂ ಹೊರಳದ ಪದ, ಸುಲಭವಾಗಲಿ ಅಂತ ನಿನ್ನೆ ತಾನೇ ಅವನಿಗೆ ಅಂದದ್ದು, ನೀವಿನ್ನೂ ಕಿಟಕಿ ಅವಧಿಯಲ್ಲಿದ್ದೀರಿ ಅಂತ, ಎರಡು ವಾರದ ಹಿಂದೆ ಹೊರಗೆಲ್ಲೋ ಆದ ಸಂಗ, ಈಗ ಜ್ವರ, ಎದೆಯ ಮೇಲೆ ಕೆಂಪು ಗುಳ್ಳೆ, ಎಲ್ಲ ಹೇಳಿದ್ದ ಪಾಪ, ರಕ್ತದಲ್ಲಿ ಮಾತ್ರ ಏನೂ ಕಾಣಿಸಲಿಲ್ಲ, ಕಾಣಿಸದ ಈ ದಿನಗಳಲ್ಲೇ ವೈರಸ್ಸು ಮೈತುಂಬ ಇರುತ್ತದೆ, ಇನ್ನೊಬ್ಬರಿಗೆ ದಾಟುವುದೂ ಈಗಲೇ ಹೆಚ್ಚು, ಕಾಂಡೋಮು, ಇನ್ನೊಂದು ಪರೀಕ್ಷೆ ಅನ್ನುವಷ್ಟರಲ್ಲಿ ಅವನು ಕೈಮುಗಿದು ಎದ್ದೇಬಿಟ್ಟ, ಕಿಟಕಿ ಮುಚ್ಚಿಬಿಟ್ಟಾರು ಅಂತ, ವಾಪಸ್ ಬರ್ತಾನೆ ಬಿಡು ಅಂದುಕೊಂಡಿದ್ದಳು, ಹೊರಗೆ ಸಾಲು ಬೆಳೆದಿತ್ತು.

ರಿಜಿಸ್ಟರಿನಲ್ಲಿದ್ದ ಅವನ ನಂಬರು ರಿಂಗಾಗುತ್ತಿದೆ, ಎತ್ತು ಮಾರಾಯ, ಎತ್ತಿದ್ದು ಹೆಂಡತಿ, ಅವರು ಸ್ನಾನಕ್ಕೆ ಹೋಗಿದ್ದಾರೆ, ನೀವ್ಯಾರು, ಹೆಂಡತಿಗೆ ಹೇಳುವಂತಿಲ್ಲ, ಗುಟ್ಟು ಅವನದು, ಮೈ ಮಾತ್ರ ಇವಳದು, ಎಂಥ ನಿಯಮವೋ, ಸರಿಯಾದ ನಿಯಮವೇ, ಸ್ವಲ್ಪ ಅರ್ಜೆಂಟಮ್ಮ, ಅವರಿಗೇ ಕೊಡಿ, ನೀರಿನ ಸದ್ದು, ಬಾಗಿಲು ತಟ್ಟುವ ಸದ್ದು, ರೀ, ಬೇಗ ಬನ್ನಿ, ಟವೆಲು ಇಲ್ಲಿದೆ ನೋಡಿ, ಆಮೇಲೆ ಅವನ ದನಿ, ಹೇಳಿ ಮೇಡಂ, ಅವಳು ಹೇಳಿದಳು, ಕಿಟಕಿ ಗಿಟಕಿ ಏನಿಲ್ಲದೆ, ಸೋಂಕು ಇದ್ದರೂ ಈಗಲೇ ಕಾಣಿಸಲ್ಲ, ಹೆಂಡತಿಯಿಂದ ದೂರ ಇರಿ — ಏನೂ ಇಲ್ಲ ಅಂತ ತಾನೇ ಮೇಡಂ ನಾನು, ರಾತ್ರಿ, ಅವಳ ಜೊತೆ, ಸಮಾಲೋಚಕಿ ಬೆರಳಲ್ಲಿ ಗಂಟೆ ಎಣಿಸಿದಳು, ದನಿ ಮಾತ್ರ ಕಚೇರಿಯದೇ, ಹೊತ್ತು ಮೀರಿಲ್ಲ, ನಿಮ್ಮ ಹೆಂಡತಿಗೆ ಸೋಂಕು ತಗಲದ ಹಾಗೆ ತಡೆಯೋ ಮಾತ್ರೆ ಇದೆ, ಮೂರು ದಿನದೊಳಗೆ ಶುರುವಾಗ್ಬೇಕು, ಈಗಲೇ ಹೇಳಿ, ಈಗಲೇ ಕರ್ಕೊಂಡು ಬನ್ನಿ, ಕೇಳಿಸ್ತಾ, ಸಮಾಲೋಚಕಿಯ ಕಣ್ಣೆದುರು ಆ ಹೆಂಗಸು, ಮುಖವಿಲ್ಲ, ಟವೆಲು ಹಿಡಿದ ಕೈ ಅಷ್ಟೆ, ಯಾರು ರೀ ಅದು ಫೋನಿನಲ್ಲಿ, ನಗುತ್ತಲೇ ಕೇಳುತ್ತಿದ್ದಾಳೆ, ಹೇಳೋ ಮಾರಾಯ, ಟವೆಲು ಚಾಚಿದ ಕೈ, ಯಾರು ರೀ, ಚಾಚಿದ ಕೈ