ಸತ್ತವರ ದಿಂಬು

ಸಾವಿನ ಮನೆಗೆ ಹೋದರೆ ಜಯತೀರ್ಥರ ಕಣ್ಣು ಮೊದಲು ಬೀಳುತ್ತಿದ್ದುದು ಸತ್ತವರ ದಿಂಬಿನ ಮೇಲೆ. ಎರಡು ಮಾತು ಸಮಾಧಾನ ಹೇಳಿ, ಮೆಲ್ಲಗೆ ಅದನ್ನು ಅದುಮಿ ನೋಡಿ, ಬೂರುಗದ ಹತ್ತಿಯೆಂದು ತಿಳಿದರೆ ಅವರ ಮುಖ ಅರಳಿಬಿಡುತ್ತಿತ್ತು. ಪಕ್ಕದಲ್ಲಿ ಕೂತ ನಾನು ಅವರ ಕಂದು ಕೋಟಿನ ಅಂಚು ಹಿಡಿದು ಜಗ್ಗಬೇಕಾಗುತ್ತಿತ್ತು.

ಧಾರವಾಡದವರು, ಕಲ್ಕತ್ತೆಯಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರು, ದಕ್ಷಿಣೇಶ್ವರದಲ್ಲಿ ಬ್ಯಾಂಕಿನವನಾದ ನನ್ನ ಪಕ್ಕದ ಮನೆಯವರು. ಎಡಪಕ್ಷದ ಸರ್ಕಾರ ಬಂದು ಹತ್ತು ವರ್ಷವಾಗಿದ್ದ ಕಾಲ. ಅಲ್ಲಿಯ ಜನ ಶವದ ಜೊತೆಗೇ ಹಾಸಿಗೆ-ದಿಂಬನ್ನೂ ಒಯ್ದು ಗಂಗೆಯ ದಡದ ಘಾಟಿನಲ್ಲಿ ಬಿಸುಟು ಬರುತ್ತಿದ್ದರು. ಇವರು ಬಲಗಾಲನ್ನು ಕೊಂಚ ಎಳೆಯುತ್ತ ಹೋಗಿ, ಆ ದಿಂಬುಗಳನ್ನು ಹೆಗಲಿಗೇರಿಸಿ ತಂದು, ಹತ್ತಿಯನ್ನು ಬಿಸಿಲಿಗೆ ಹರವಿ, ಹಳೆಯ ಈರುಳ್ಳಿ ಚೀಲದ ಬಲೆಯಲ್ಲಿ ತುಂಬಿ ಉದ್ದನೆಯ ಲೋಡು ಹೊಲಿಯುತ್ತಿದ್ದರು. ದೋಣಿಗಳಿಂದ ನದಿಗೆ ಸೋರಿದ ಡೀಸೆಲನ್ನು ಅದು ಹೀರಿಕೊಳ್ಳುತ್ತಿತ್ತು. ಹಿಂಡಿ ಮತ್ತೆ ಬಿಡಬಹುದಿತ್ತು.

"ಅಲ್ರೀ, ಸತ್ತವ್ರ ದಿಂಬು ಮನಿಯೊಳಗ ತಂದೀರಲ್ಲ, ನಾಚಿಕಿ ಬ್ಯಾಡೇನು?" ಎಂದು ಹೆಂಡತಿ ಕೃಷ್ಣವೇಣಿ ಸಿಡುಕಿದರೆ, "ನೀರು ಮುಟ್ಟಂಗಿಲ್ಲ, ಎಣ್ಣಿ ಬಿಡಂಗಿಲ್ಲ. ನಿನಗಿಂತ ಮಡಿ ಅದ ಈ ಹತ್ತಿ!" ಎನ್ನುತ್ತಿದ್ದರು.

ಹೊಲಿದ ಲೋಡುಗಳನ್ನೆಲ್ಲ ಅವರು ಘಾಟಿನ ಕಚೇರಿಗೆ ಒಪ್ಪಿಸಿದ್ದರು. ಅಲ್ಲಿಯವರು ಉಗ್ರಾಣಕ್ಕೆ ಹಾಕಿ ಬೀಗ ಜಡಿದರು. ಒಂದು ಬೆಳಿಗ್ಗೆ ಡೀಸೆಲ್ ಸಾಗಿಸುವ ದೊಡ್ಡ ದೋಣಿಯೊಂದು ಒಡೆದು, ಜನ ಮೀಯುವ ಮೆಟ್ಟಿಲ ತನಕ ಎಣ್ಣೆ ಹರಡಿತು. ಜಯತೀರ್ಥರು ಕಾಲೆಳೆಯುತ್ತಲೇ ಕಚೇರಿಗೆ ಓಡಿದರು, ನಾನೂ ಹಿಂದೆಯೇ. ಕೆಂಪು ಬಾವುಟದ ಕೆಳಗೆ ಕೂತ ಅಧಿಕಾರಿ ಚಹಾದ ಕುಡಿಕೆ ಕೆಳಗಿಡಲಿಲ್ಲ. "ಜಯತೀರ್ಥಬಾಬು, ನಾನು ದೇವರನ್ನು ನಂಬುವವನಲ್ಲ. ಆದರೆ ಜನ? ಹೆಣದ ದಿಂಬನ್ನು ಗಂಗೆಗೆ ಹಾಕಿದರೆ ಸುಮ್ಮನಿರುತ್ತಾರೆಯೇ?"

"ಹೆಣದ ಬೂದಿಯನ್ನೇ ಹಾಕುತ್ತೀರಲ್ಲ, ಮಹಾರಾಯರೆ! ಡೀಸೆಲ್ ತೀರ್ಥವೇನು?"

ಬೀಗ ತೆರೆಯಲಿಲ್ಲ.

ಮನೆಗೆ ಮರಳಿದಾಗ ನದಿಗೆ ಸ್ನಾನಕ್ಕೆ ಹೋಗಿದ್ದ ಕೃಷ್ಣವೇಣಿ ಹಾಗೆಯೇ ಹಿಂದಿರುಗಿ ಜಗಲಿಯಲ್ಲಿ ನಿಂತಿದ್ದರು, ಸೀರೆಯಂಚು ಎಣ್ಣೆ ಹತ್ತಿ ಕರ್ರಗೆ. ಗಂಡ ಹೇಳಿದ್ದನ್ನು ಕೇಳಿ ಒಳಗೆ ಹೋಗಿ, ವರ್ಷದ ಹಿಂದೆ ತೀರಿದ ಅತ್ತೆಯ ದಿಂಬನ್ನು ತಂದರು. ಎಲ್ಲರ ದಿಂಬನ್ನೂ ಬಿಚ್ಚಿದ ಜಯತೀರ್ಥರು ಬಿಚ್ಚದೆ ಉಳಿಸಿಕೊಂಡದ್ದು ಅದೊಂದೇ. ದಿನವೂ ಅದರ ಮೇಲೆ ತಲೆಯಿಟ್ಟು ಮಲಗುತ್ತಿದ್ದರು.

"ಅವ್ವಂದು..." ಎಂದರು.

"ಅತ್ತಿಯವ್ರು ಇದ್ದಿದ್ರ ಅವ್ರೇ ಕೊಡ್ತಿದ್ರು. ನಡೀರಿ."

ಬಲೆಗೆ ತುಂಬಿ ಹಗ್ಗ ಕಟ್ಟಿ ಘಾಟಿನಲ್ಲಿ ನೀರಿಗೆ ಇಳಿಬಿಟ್ಟ ಆ ಹತ್ತಿ ಎಣ್ಣೆ ಕುಡಿದು ಕಪ್ಪಾಯಿತು. ಸುತ್ತ ಒಂದು ಚಾಪೆಯಗಲ ನೀರು ತಿಳಿಯಾಯಿತು. ಮೆಟ್ಟಿಲ ಮೇಲಿದ್ದ ಮುದುಕಿಯೊಬ್ಬಳು ಮನೆಗೆ ಹೋಗಿ, ಬಿಸುಡದೆ ಬಚ್ಚಿಟ್ಟಿದ್ದ ಸತ್ತ ಗಂಡನ ದಿಂಬು ತಂದಳು: "ಇದನ್ನೂ ಹಾಕಪ್ಪ, ಅವನಿಗೆ ಈಜು ಇಷ್ಟ." ಆಮೇಲೆ ಇನ್ನೊಬ್ಬಳು. ಸುಮ್ಮನಿರಲಾರರು ಎಂದು ಅಧಿಕಾರಿ ಹೆದರಿದ ಜನ ಇವರೇ. ಉಗ್ರಾಣದ ಲೋಡುಗಳನ್ನು ಮಾತ್ರ ಇಲಿಗಳು ತಿಂದವು.

ಅಂದಿನಿಂದ ಜಯತೀರ್ಥರು ಕೋಟನ್ನು ಮಡಿಸಿ ತಲೆಗಿಟ್ಟುಕೊಂಡು ಮಲಗಿದರು. ನಾವು ಬಿಸುಟದ್ದನ್ನು ಹೆಕ್ಕಿ ನಮ್ಮ ಹೊಲಸನ್ನೇ ತೊಳೆಯುವ ಇಂಥವರು ಎಲ್ಲ ಊರಿನಲ್ಲೂ ಇರುತ್ತಾರೆ. ಅವರು ನಮ್ಮಿಂದ ಕೇಳುವುದು ಒಂದು ಬೀಗ ತೆಗೆಯಿರಿ ಎಂದಷ್ಟೆ. ನಾವು ಅದನ್ನು ತೆಗೆಯದೆ, ಅವರ ತಲೆಯಡಿಯ ದಿಂಬು ನೀರಿಗೆ ಬೀಳುವ ತನಕ ಕಾಯುತ್ತೇವೆ.