ಕೈಗೆಟಕುವಷ್ಟು

ಹೆಣ ಮೀಯಿಸಲು ನೀರು ಕಾಯಿಸಬೇಕೆಂದು ಕೊಳಗ ಹುಡುಕುತ್ತ ಅಡುಗೆಮನೆಗೆ ನುಗ್ಗಿದ ಬಸವಪ್ರಸಾದ್, ಸೂರಿನಿಂದ ಸರಪಳಿಯಲ್ಲಿ ಇಳಿಬಿದ್ದಿದ್ದ ಮರದ ಚೌಕಟ್ಟಿಗೆ ಹಣೆ ಬಡಿಸಿಕೊಂಡ. ಕೊಕ್ಕೆಗಳಲ್ಲಿ ತೂಗುತ್ತಿದ್ದ ಪಾತ್ರೆಗಳೆಲ್ಲ ಒಂದಕ್ಕೊಂದು ತಾಗಿ ಸದ್ದು ಮಾಡಿದವು.

"ಇದ್ಯಾಕ್ಲಾ ನಂಜೇಶ, ಇಷ್ಟು ಕೆಳಕ್ಕೆ ನೇತಾಕವ್ರೆ? ಬಂದೋರೆಲ್ಲ ತಲೆ ವಡ್ಕತಾವ್ರೆ."

"ಅಪ್ಪ ಮಾಡಿದ್ದು, ಚಿಕ್ಕಪ್ಪ. ನಮ್ಗೆ ಬಗ್ಗಿ ಬಗ್ಗಿ ರೂಢಿಯಾಗೋಗದೆ," ಎಂದ ನಂಜೇಶ್, ಗುಂಡಿ ತೋಡಿಸಲು ಹೊಲಕ್ಕೆ ಹೊರಟುಹೋದ.

ಬಸವಪ್ರಸಾದ್ ಬೆಳಿಗ್ಗೆ ಹೆಮ್ಮಿಗೆಯಿಂದ ಬಂದಿದ್ದ. ಅಣ್ಣ ಸತ್ತಿದ್ದಾನೆ, ಅಳು ಬರುತ್ತಿಲ್ಲ. ಸಾವಿನ ಮನೆಯಲ್ಲಿ ಅಳಲಾರದವನಿಗೆ ಕೆಲಸವೇ ಗತಿ. ಅವನು ಹಣೆ ಸವರಿಕೊಳ್ಳುತ್ತ ಸರಪಳಿಯನ್ನು ನೋಡಿದ.

*

ಅಣ್ಣ ದೊಡ್ಡಸಿದ್ದಯ್ಯ ಬದುಕಿದ್ದಾಗ ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ಲೋಡಿಂಗ್ ಕೆಲಸದಲ್ಲಿದ್ದ. ಮಷೀನು ಬಂದ ಪೆಟ್ಟಿಗೆಯ ಒಡೆದ ಹಲಗೆಗಳನ್ನು ಕೇಳಿ ಮನೆಗೆ ತಂದಿದ್ದ. ಹೆಂಡತಿ ಮಂಗಳಮ್ಮನಿಗೆ ಮಂಡಿ ಮೊದಲೇ ಹೋಗಿತ್ತು; ಆ ವರ್ಷ ಎರಡೂ ಭುಜ ಹಿಡಿದುಕೊಂಡವು. ಬಗ್ಗುವಂತಿಲ್ಲ, ಅಟ್ಟದ ಪಾತ್ರೆ ಇಳಿಸುವಂತೆಯೂ ಇಲ್ಲ.

ಹಲಗೆ ಜೋಡಿಸಿ, ಕೊಕ್ಕೆ ಬಡಿದು, ಅವಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ.

"ಕೈ ಎತ್ತು. ನೋವಾಗೋಗಂಟ ಎತ್ತು, ನೋವಾದ ತಾವ ನಿಲ್ಸು."

ಬೆರಳ ತುದಿ ನಿಂತಲ್ಲಿ ಸೀಮೆಸುಣ್ಣದ ಗೆರೆ ಎಳೆದ. ಆ ಗೆರೆಗೇ ಕೊಕ್ಕೆಗಳನ್ನು ಇಳಿಸಿ ಕಟ್ಟಿದ. ಹಲಗೆಯ ಮೇಲೆ ಅಚ್ಚಾಗಿದ್ದ ಬಾಣದ ಗುರುತು ಮೇಲಕ್ಕೇ ಇರಬೇಕೆಂದು ಹಟ ಹಿಡಿದ. ಬಾಣ ತಲೆಕೆಳಗಾದರೆ ಮಾಲು ಒಡೆಯುತ್ತದೆ ಎಂಬುದು ಲೋಡಿಂಗಿನವನ ನಂಬಿಕೆ.

ಅವನು ಆರಡಿ ಆಳು. ಅಂದಿನಿಂದ ಮೈಮರೆತು ಒಳಗೆ ಬಂದಾಗಲೆಲ್ಲ ಹಣೆಗೆ ಪೆಟ್ಟು. "ನಂಜುಂಡನ ಮುಂದೂ ಬಗ್ಗದ ತಲೆ, ನನ್ ಒಲೆ ಮುಂದೆ ಬಗ್ತದೆ," ಎಂದು ಮಂಗಳಮ್ಮ ಆಡಿಕೊಳ್ಳುತ್ತಿದ್ದಳು. ಹಣೆಯಲ್ಲಿ ಒಂದು ಕಪ್ಪು ಗೆರೆ ಉಳಿದೇಬಿಟ್ಟಿತು.

*

ಮೀಯಿಸಿ, ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ಪಕ್ಕದಲ್ಲಿ ಮಂಗಳಮ್ಮ ಕುಳಿತಿದ್ದಳು. ಮಠದಿಂದ ಬಂದಿದ್ದ ಅಯ್ಯನವರು ಹೆಣದ ಹಣೆಗೆ ವಿಭೂತಿ ಬಳಿದರು. ಕಪ್ಪು ಗೆರೆ ಮುಚ್ಚಿಹೋಯಿತು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಸರಪಳಿ ಕಿರುಗುಟ್ಟಿತು.

"ಅದ ಮುಟ್ಬೇಡಿ ಅನ್ನಿ ಬುದ್ದಿ," ಎಂದು ಏಳಹೋದಳು.

"ಪೂಜೆ ಮುಗಿಯೋಗಂಟ ಏಳ್ಬಾರ್ದು ಕಣಮ್ಮ," ಎಂದರು ಅಯ್ಯನವರು, ಯಾವುದನ್ನೆಂದು ಕೇಳದೆ. ಜಾಗಟೆ ಶುರುವಾಯಿತು.

ಬಸವಪ್ರಸಾದ್ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. "ಅತ್ತಿಗಮ್ಮ, ಅದ ಮ್ಯಾಲಕ್ಕೆ ಎತ್ತಿ ಕಟ್ಟಿವ್ನಿ. ಇನ್ಯಾರ ತಲೆಗೂ ತಾಗಕಿಲ್ಲ."

ಮಂಗಳಮ್ಮ ಅವನ ಕೈಗಳನ್ನು ನೋಡಿದಳು. ಅಣ್ಣನದೇ ಕೈಗಳು.

"ಆಯ್ತಪ್ಪ," ಎಂದಳು.

*

ಸಂಜೆ ಮಣ್ಣು ಮಾಡಿ ಬಂದವರು ದೀಪ ನೋಡಿ ಚದುರಿದರು. ನಂಜೇಶ್ ಅಡುಗೆಮನೆಗೆ ರೂಢಿಯಂತೆ ಬಗ್ಗಿ ಬಂದವನು, ತಲೆ ಎತ್ತಿ ನೋಡಿದ. ಪಾತ್ರೆಗಳು ಎಲ್ಲೋ ಮೇಲಿದ್ದವು. ಅವುಗಳ ಕೆಳಗೆ ಅವ್ವ ಒಬ್ಬಳೇ ನಿಂತಿದ್ದಳು.

"ಇಳಿಸ್ಲಾ ಅವ್ವ? ಎಷ್ಟಕ್ಕೆ ಇಳಿಸ್ಲಿ?"

ಅವಳು ಗೋಡೆಗೆ ಬೆನ್ನು ಆನಿಸಿ ನಿಂತು, ಬಲಗೈಯನ್ನು ಮೆಲ್ಲಗೆ ಎತ್ತಿದಳು. ನೋವಾದ ಕಡೆ ನಿಲ್ಲಿಸಿದಳು. ಇಳಿಸಲಿಲ್ಲ.